ಅಡ್ಡಹೆಸರು ಕೇಳದ ಸಭೆ

ನಮ್ಮ ಧಾರವಾಡ ಸೀಮೆಯಲ್ಲಿ ಸಾರಾಯಿಗೆ ‘ಸೆರೆ’ ಅಂತಾರೆ. ಸೆರೆ ಅಂದರೆ ಬಂಧನವೂ ಹೌದು. ಈ ಸೆರೆಮನೆ ಕಟ್ಟಿದವರು ಯಾರು, ಅದರಿಂದ ಹೊರಗೆ ಬಂದವರು ಹೇಗೆ ಬಂದರು ಎಂಬುದಕ್ಕೂ ಒಂದು ಚರಿತ್ರೆ ಇದೆ. ರಾಜರ ಚರಿತ್ರೆ ಓದಿಸುವ ನಮ್ಮ ಶಾಲೆಗಳಲ್ಲಿ ಇದನ್ನು ಓದಿಸುವುದಿಲ್ಲ.

‘ಆ ಕೇರಿ ಮಂದೀನ ಕುಡಕರು, ಅವರ ಹಣೇಬರಾನ ಅಷ್ಟು’ ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ. ಹಣೆಬರಹವಂತೆ! ಬರೆದವರು ಯಾರು? ೧೮೭೮ರ ಮುಂಬಯಿ ಅಬಕಾರಿ ಕಾಯ್ದೆ ಹೆಂಡ ತಯಾರಿಸುವುದನ್ನೂ ಮಾರುವುದನ್ನೂ ಸರ್ಕಾರದ ಪರವಾನಗಿಯ ಕೆಳಗೆ ತಂದಿತು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಬಡವನ ಕುಡಿತ ಖಜಾನೆಯ ಆದಾಯವಾಯಿತು. ೧೮೮೦ರಲ್ಲಿ ಪುಣೆ ನಗರಸಭೆಯ ಸದಸ್ಯರಾಗಿದ್ದ ಜೋತಿಬಾ ಫುಲೆ ಹೊಸ ಹೆಂಡದಂಗಡಿಗಳನ್ನು ವಿರೋಧಿಸಿ ಪತ್ರ ಬರೆದರು. ೧೯೨೭ರ ಮಾರ್ಚಿನಲ್ಲಿ ಬಾಬಾಸಾಹೇಬ ಅಂಬೇಡ್ಕರರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಲೆಕ್ಕ ಒಪ್ಪಿಸಿದರು: ಸರ್ಕಾರ ತಲೆಗೆ ಶಿಕ್ಷಣಕ್ಕೆಂದು ಖರ್ಚು ಮಾಡುವುದು ೧೪ ಆಣೆ, ಅಬಕಾರಿಯಿಂದ ಕಿತ್ತುಕೊಳ್ಳುವುದು ಎರಡು ರೂಪಾಯಿಗೂ ಹೆಚ್ಚು. ಕುಡಿಸಿ ವಸೂಲು ಮಾಡಿದಷ್ಟನ್ನಾದರೂ ಕಲಿಸಲು ಕೊಡಿ ಎಂಬುದು ಅವರ ವಾದ.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ೧೮೪೫ರ ತನ್ನ ಆತ್ಮಕಥೆಯಲ್ಲಿ ಒಡೆಯರ ಹೂಟ ಬಯಲು ಮಾಡಿದ. ಕ್ರಿಸ್‌ಮಸ್ ರಜೆಯಲ್ಲಿ ಗುಲಾಮರಿಗೆ ಕಂಠಮಟ ಕುಡಿಸುತ್ತಿದ್ದರಂತೆ. ಯಾಕೆ? ಬಿಡುಗಡೆ ಅಂದರೆ ಇಷ್ಟೇ ಎಂದು ಅವರಿಗೇ ಹೇಸಿಗೆ ಹುಟ್ಟಲಿ ಅಂತ.

೧೯೫೦ರಲ್ಲಿ ಮುಂಬಯಿ ರಾಜ್ಯ ಪಾನನಿಷೇಧ ತಂದಿತು. ೧೯೫೬ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು, ೧೯೬೭ರಲ್ಲಿ ಆ ರಾಜ್ಯ ನಿಷೇಧ ತೆಗೆಯಿತು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ೩೦೦ಕ್ಕೂ ಹೆಚ್ಚು ಬಡವರು ಸತ್ತರು. ದಲಿತ ಸಂಘರ್ಷ ಸಮಿತಿ ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ಬೀದಿಗಿಳಿಯಿತು. ಅದು ಬಾಬಾಸಾಹೇಬರ ೧೪ ಆಣೆಯ ಲೆಕ್ಕವೇ. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಅಗ್ಗದ ವಿಸ್ಕಿಯ ಪಾಕೀಟು ಕೇರಿಗೆ ಬಂತು.

ಗೆಳೆಯರೇ, ಇಲ್ಲಿ ನಮ್ಮನ್ನು ನಾವೂ ಕೇಳಿಕೊಳ್ಳಬೇಕು. ಅಂಗಡಿಯ ಮುಂದೆ ನಿಂತು ಕೂಗಿದ್ದು ಸರಿ. ಆ ಅಂಗಡಿಯಿಂದ ತೂರಾಡುತ್ತ ಹೊರಬಂದ ನಮ್ಮಣ್ಣನನ್ನು ಏನು ಮಾಡಿದೆವು? ‘ನಾಚಿಕಿ ಬರೂದಿಲ್ಲೇನು?’ ಅಂದೆವು. ನಾಚಿಕೆಗೇ ಅವನು ಇನ್ನೊಂದು ಪಾಕೀಟು ಹರಿದ.

ನಾಚಿಕೆಯಿಂದ ಕುಡಿತ ಬಿಡುವುದಿಲ್ಲ ಎಂದು ಕಂಡುಕೊಂಡವರು ಕುಡುಕರೇ. ೧೮೪೦ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಆರು ಜನ ಕುಡುಕರು ಒಂದು ಸಂಘ ಕಟ್ಟಿ ತಮ್ಮ ತಮ್ಮ ಕತೆ ಹೇಳಿಕೊಂಡರು. ೧೯೩೫ರಲ್ಲಿ ಆಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯವಹಾರದವನು, ಒಬ್ಬ ಡಾಕ್ಟರು, ಇಬ್ಬರೂ ಕುಡಿದು ಹಾಳಾದವರು, ಒಬ್ಬರಿಗೊಬ್ಬರು ಆಸರೆಯಾಗಿ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಆರಂಭಿಸಿದರು. ೧೯೫೭ರಲ್ಲಿ ಅದು ಮುಂಬಯಿಗೆ ಬಂತು. ಅಲ್ಲಿ ಫೀ ಇಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು. ಬರೀ ಹೆಸರು ಹೇಳಬೇಕು, ಅಡ್ಡಹೆಸರು ಕೇಳುವುದಿಲ್ಲ.

ಅಡ್ಡಹೆಸರು ಕೇಳುವುದಿಲ್ಲ! ಅಮೆರಿಕದವರು ಇದನ್ನು ಮಾಡಿದ್ದು ಮಾನ ಕಾಪಾಡಲು. ನಮ್ಮ ದೇಶದಲ್ಲಿ ಅಡ್ಡಹೆಸರು ಕೇಳುವುದೆಂದರೆ ಜಾತಿ ಕೇಳುವುದು. ಕೇಳದೆ ಒಟ್ಟಿಗೆ ಕೂಡುವುದು ನಮಗೆ ಹೊಸದೂ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯ ಶರಣರ ಸಾಲಿನಲ್ಲಿ ಕೂತು ವಚನ ನುಡಿದ. ಹೆಂಡದ ಮಾರಯ್ಯ ಎಂದೇ ಇವತ್ತಿಗೂ ಅವನನ್ನು ಕರೆಯುತ್ತೇವೆ.

ಈಗ ಕಲಘಟಗಿ ತಾಲ್ಲೂಕಿನ ತಂಬೂರದ ಒಬ್ಬ ಕೂಲಿಕಾರ ‘ಬಿಡಬೇಕ್ರೀ’ ಅಂದ ಅಂತ ಇಟ್ಟುಕೊಳ್ಳಿ. ಅವನು ಎಲ್ಲಿಗೆ ಹೋಗಬೇಕು? ದಿನಾ ಕುಡಿಯುವವನು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ಡಾಕ್ಟರು. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ೧೪೪೧೬ಕ್ಕೆ ಫೋನು ಹಚ್ಚಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಧರ್ಮಸ್ಥಳದ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಬಿಟ್ಟವರು ಮತ್ತೆ ಜಾರದಂತೆ ‘ನವಜೀವನ ಸಮಿತಿ’ಯಲ್ಲಿ ಕೂಡುತ್ತಾರೆ.

ಶಿಬಿರ ಮುಗಿಯುತ್ತದೆ, ಆಸ್ಪತ್ರೆಯಿಂದ ಬಿಡುಗಡೆಯೂ ಆಗುತ್ತದೆ. ಮುಂದಿನ ಸಂಜೆ? ಅದೇ ಕೇರಿ, ಅದೇ ಗೆಳೆಯರು, ಅದೇ ಸಾಲ. ಒಂದು ಸಭೆಗಾಗಿ ವಾರವಾರ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರೆ ಅವತ್ತಿನ ಕೂಲಿ ಯಾರು ಕೊಡುತ್ತಾರೆ? ಸಭೆ ಅವನಿದ್ದಲ್ಲಿಗೇ ಬರಬೇಕು. ಊರಲ್ಲಿ ಅಡ್ಡಹೆಸರು ಮುಚ್ಚಿಡಲಾಗದು. ಯಾವ ದಾರಿಯಿಂದ ಬಂದ ಅನ್ನುವುದೇ ಜಾತಿ ಹೇಳುತ್ತದೆ. ಹಾಗಾಗಿ ಎಲ್ಲಿ ಕೂಡುತ್ತೇವೆ ಎಂಬುದು ದೊಡ್ಡ ಪ್ರಶ್ನೆ. ಗುಡಿಯ ಕಟ್ಟೆಯೋ, ಗೌಡರ ಪಡಸಾಲೆಯೋ ಆದರೆ ನಮ್ಮವನು ಮತ್ತೆ ಬಾಗಿಲ ಹೊರಗೇ ನಿಂತಾನು.

ಮಾಸ್ತರರೇ, ಶಾಲೆಯ ಕೀಲಿ ನಿಮ್ಮ ಕೈಯಲ್ಲಿದೆ. ಎಸ್‌ಡಿಎಂಸಿಯವರನ್ನು ಒಪ್ಪಿಸಿ ವಾರಕ್ಕೊಂದು ಸಂಜೆ ಒಂದು ಕೋಣೆ ತೆರೆಯಿರಿ. ಒಂದೇ ಚಾಪೆ ಹಾಸಿರಿ. ಬಿಟ್ಟವನೊಬ್ಬ, ಬಿಡಬೇಕೆನ್ನುವವನೊಬ್ಬ, ಇಬ್ಬರಿದ್ದರೆ ಸಾಕು. ಆಕ್ರನ್ನಿನಲ್ಲೂ ಇದ್ದದ್ದು ಇಬ್ಬರೇ. ಭಾಷಣ ಬೇಡ, ಬುದ್ಧಿಮಾತು ಬೇಡ. ಅವರು ಮಾತಾಡಲಿ, ನಾವು ಕೇಳೋಣ. ೧೪ ಆಣೆಯ ಆ ಬಾಕಿ ಇನ್ನೂ ತೀರಿಲ್ಲ. ಶಾಲೆಯ ಬಾಗಿಲು ತೆರೆದರೆ ತೀರಿಸಲು ಶುರು ಮಾಡಿದಂತಾದೀತು.