ಇಂಡಿಯನ್ ಪೆಸಿಫಿಕ್ (ರೈಲು)

ಇಂಡಿಯನ್ ಪೆಸಿಫಿಕ್ ಆಸ್ಟ್ರೇಲಿಯದ ಪೂರ್ವ ಕರಾವಳಿಯ ಸಿಡ್ನಿ ಮತ್ತು ಪಶ್ಚಿಮ ಕರಾವಳಿಯ ಪರ್ತ್ ನಗರಗಳ ನಡುವೆ ಸಂಚರಿಸುವ ದೂರಪ್ರಯಾಣದ ರೈಲು. ಪೆಸಿಫಿಕ್ ಮಹಾಸಾಗರದ ತೀರವನ್ನೂ ಹಿಂದೂ ಮಹಾಸಾಗರದ ತೀರವನ್ನೂ ಜೋಡಿಸುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ಹೆಸರಿನಲ್ಲಿರುವ ‘ಇಂಡಿಯನ್’ ಪದವು ಸಾಗರವನ್ನು ಸೂಚಿಸುತ್ತದೆಯೇ ಹೊರತು ಭಾರತ ದೇಶವನ್ನಲ್ಲ. ಒಟ್ಟು 4,352 ಕಿ.ಮೀ. ದೂರದ ಈ ಪ್ರಯಾಣದಲ್ಲಿ ಪ್ರಯಾಣಿಕರು ಮೂರು ರಾತ್ರಿಗಳನ್ನು ರೈಲಿನಲ್ಲಿಯೇ ಕಳೆಯುತ್ತಾರೆ. ಮೊದಲ ರೈಲು 1970ರ ಫೆಬ್ರವರಿ 23ರಂದು ಸಿಡ್ನಿಯಿಂದ ಹೊರಟು ಫೆಬ್ರವರಿ 26ರಂದು ಪರ್ತ್ ತಲುಪಿತು.

ಹಿನ್ನೆಲೆ

1901ರಲ್ಲಿ ಆಸ್ಟ್ರೇಲಿಯ ಒಕ್ಕೂಟ ರಚನೆಯಾಗುವ ಮೊದಲು ಅಲ್ಲಿನ ವಸಾಹತುಗಳು ಪರಸ್ಪರ ಪ್ರತ್ಯೇಕವಾಗಿದ್ದು, ತಮತಮಗೆ ಬೇಕಾದ ಅಳತೆಯಲ್ಲಿ ಹಳಿಗಳನ್ನು ಹಾಕಿಕೊಂಡಿದ್ದವು. ಹಳಿಗಳ ನಡುವಿನ ಅಂತರವು ನ್ಯೂ ಸೌತ್ ವೇಲ್ಸ್‌ನಲ್ಲಿ 1,435 ಮಿ.ಮೀ., ವಿಕ್ಟೋರಿಯದಲ್ಲಿ 1,600 ಮಿ.ಮೀ., ಪಶ್ಚಿಮ ಆಸ್ಟ್ರೇಲಿಯದಲ್ಲಿ 1,067 ಮಿ.ಮೀ. ಇತ್ತು. ದಕ್ಷಿಣ ಆಸ್ಟ್ರೇಲಿಯದಲ್ಲಿ ಎರಡು ಅಳತೆಯ ಹಳಿಗಳು ಬಳಕೆಯಲ್ಲಿದ್ದವು. ಪಶ್ಚಿಮ ಆಸ್ಟ್ರೇಲಿಯವನ್ನು ದೇಶದ ಪೂರ್ವಭಾಗದಿಂದ ವಿಶಾಲವಾದ ಮರುಭೂಮಿ ಬೇರ್ಪಡಿಸಿತ್ತು. ಒಕ್ಕೂಟವನ್ನು ಸೇರಿದರೆ ರೈಲುಮಾರ್ಗ ನಿರ್ಮಿಸಿಕೊಡಲಾಗುವುದು ಎಂಬ ಭರವಸೆಯು ಆ ವಸಾಹತನ್ನು ಒಲಿಸಿದ ಕಾರಣಗಳಲ್ಲಿ ಒಂದಾಗಿತ್ತು.

ಈ ಭರವಸೆಯಂತೆ ಟ್ರಾನ್ಸ್-ಆಸ್ಟ್ರೇಲಿಯನ್ ರೈಲುಮಾರ್ಗದ ಕಾಮಗಾರಿಯು 1912ರಲ್ಲಿ ಪೋರ್ಟ್ ಆಗಸ್ಟಾದಲ್ಲಿ ಆರಂಭವಾಯಿತು. ಮರುವರ್ಷ ಪಶ್ಚಿಮದ ಕಾಲ್ಗೂರ್ಲಿಯಿಂದಲೂ ಕೆಲಸ ಪ್ರಾರಂಭಗೊಂಡಿತು. ಎರಡೂ ಕಡೆಯ ಹಳಿಗಳು 1917ರ ಅಕ್ಟೋಬರ್ 17ರಂದು ಊಲ್ಡಿಯಾ ಎಂಬಲ್ಲಿ ಕೂಡಿದವು. ಆದರೂ ಪ್ರಯಾಣವು ಸುಗಮವಾಗಲಿಲ್ಲ. ಸಿಡ್ನಿಯಿಂದ ಪರ್ತ್‌ಗೆ ಹೋಗುವವರು ಆಲ್ಬರಿ, ಟೆರೋವಿ, ಪೋರ್ಟ್ ಆಗಸ್ಟಾ ಮತ್ತು ಕಾಲ್ಗೂರ್ಲಿಗಳಲ್ಲಿ ಹಳಿಯ ಅಳತೆ ಬದಲಾಗುತ್ತಿದ್ದುದರಿಂದ ಸಾಮಾನು ಸರಂಜಾಮುಗಳೊಡನೆ ಇಳಿದು ಬೇರೆ ರೈಲು ಹತ್ತಬೇಕಾಗಿತ್ತು. ಸರಕನ್ನೂ ಹಾಗೆಯೇ ಇಳಿಸಿ ಏರಿಸಬೇಕಾಗಿತ್ತು. ಕಾಲ್ಗೂರ್ಲಿ–ಪರ್ತ್ ನಡುವೆ 1968ರಲ್ಲಿಯೂ, ಬ್ರೋಕನ್ ಹಿಲ್–ಪೋರ್ಟ್ ಪಿರೀ ನಡುವೆ ಅದಾದ ಸ್ವಲ್ಪ ಕಾಲದಲ್ಲಿಯೂ 1,435 ಮಿ.ಮೀ. ಅಳತೆಯ ಹಳಿ ಸಿದ್ಧವಾದ ಬಳಿಕವೇ ಇಂಡಿಯನ್ ಪೆಸಿಫಿಕ್ ಓಡಲು ಸಾಧ್ಯವಾಯಿತು. ಹೀಗೆ ಒಕ್ಕೂಟ ರಚನೆಯಾಗಿ ಸುಮಾರು ಏಳು ದಶಕಗಳ ನಂತರ ದೇಶವನ್ನು ಒಂದೇ ರೈಲಿನಲ್ಲಿ ದಾಟುವ ಅನುಕೂಲ ದೊರೆಯಿತು.

ಮಾರ್ಗ

ಸಿಡ್ನಿಯಿಂದ ಹೊರಟ ರೈಲು ಬ್ಲೂ ಮೌಂಟನ್ಸ್ ಬೆಟ್ಟಸಾಲನ್ನು ಏರಿ, ಒಳನಾಡಿನ ಬಯಲುಗಳ ಮೂಲಕ ಬೆಳ್ಳಿ, ಸೀಸ ಮತ್ತು ಸತುವಿನ ಗಣಿಗಳಿಗೆ ಹೆಸರಾದ ಬ್ರೋಕನ್ ಹಿಲ್ ತಲುಪುತ್ತದೆ. 1986ರಿಂದ ಅಡಿಲೇಡ್ ನಗರವೂ ಈ ಮಾರ್ಗದಲ್ಲಿ ಸೇರಿದೆ. ಅಲ್ಲಿಂದ ಪೋರ್ಟ್ ಆಗಸ್ಟಾ ಮತ್ತು ಟಾರ್ಕೂಲಾಗಳನ್ನು ಹಾದು ರೈಲು ನಲ್ಲಾರ್ಬರ್ ಬಯಲನ್ನು ಪ್ರವೇಶಿಸುತ್ತದೆ.

ಲ್ಯಾಟಿನ್ ಮೂಲದ ನಲ್ಲಾರ್ಬರ್ ಎಂಬ ಹೆಸರಿಗೆ ‘ಮರವಿಲ್ಲದ್ದು’ ಎಂಬ ಅರ್ಥವಿದೆ. ಇದು ಸುಮಾರು ಎರಡು ಲಕ್ಷ ಚದರ ಕಿ.ಮೀ. ವಿಸ್ತಾರದ ಸುಣ್ಣಕಲ್ಲಿನ ಬಯಲು. ಬಿದ್ದ ಅಲ್ಪ ಮಳೆಯೂ ಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುವುದರಿಂದ ಇಲ್ಲಿ ಕುರುಚಲು ಗಿಡಗಳಷ್ಟೇ ಬೆಳೆಯುತ್ತವೆ. ಹಳಿಯನ್ನು ತಿರುಗಿಸಲು ಅಡ್ಡವಾಗಿ ಬೆಟ್ಟವಾಗಲಿ ನದಿಯಾಗಲಿ ಇಲ್ಲದ ಕಾರಣ ಮಾರ್ಗವು ಇಲ್ಲಿ 478 ಕಿ.ಮೀ. ದೂರ ಒಂದು ತಿರುವೂ ಇಲ್ಲದೆ ಸಾಗುತ್ತದೆ. ಇದು ಜಗತ್ತಿನ ಅತಿ ಉದ್ದದ ನೇರ ಹಳಿ. ಮುಂದೆ ಚಿನ್ನದ ಗಣಿಗಳ ಪಟ್ಟಣವಾದ ಕಾಲ್ಗೂರ್ಲಿಯನ್ನು ದಾಟಿ, ಏವನ್ ಕಣಿವೆಯ ಮೂಲಕ ರೈಲು ಪರ್ತ್ ಸೇರುತ್ತದೆ. ಸಿಡ್ನಿಗೂ ಪರ್ತ್‌ಗೂ ಎರಡು ಗಂಟೆಗಳ ಕಾಲವ್ಯತ್ಯಾಸವಿದ್ದು, ಸಿಡ್ನಿಯಲ್ಲಿ ಗಡಿಯಾರವನ್ನು ಮುಂದಿಡುವ ಬೇಸಿಗೆಯ ತಿಂಗಳುಗಳಲ್ಲಿ ಇದು ಮೂರು ಗಂಟೆಗಳಾಗುತ್ತದೆ.

ನೀರು ಮತ್ತು ಜನವಸತಿ

ಟ್ರಾನ್ಸ್-ಆಸ್ಟ್ರೇಲಿಯನ್ ಮಾರ್ಗವು ಶಾಶ್ವತವಾದ ಒಂದು ಹೊಳೆಯನ್ನೂ ದಾಟುವುದಿಲ್ಲ. ಆದ್ದರಿಂದ ಉಗಿಬಂಡಿಗಳ ಕಾಲದಲ್ಲಿ ನೀರೇ ದೊಡ್ಡ ಸಮಸ್ಯೆಯಾಗಿತ್ತು. ಊಲ್ಡಿಯಾದ ಒರತೆಯು ಮೂಲನಿವಾಸಿಗಳ ಅನೇಕ ಸಮುದಾಯಗಳು ತಲೆತಲಾಂತರದಿಂದ ಕೂಡುತ್ತಿದ್ದ ಜಲತಾಣ. ರೈಲ್ವೆಯು ಅಲ್ಲಿ ಬಾವಿಗಳನ್ನು ತೋಡಿ ತನ್ನ ಅಗತ್ಯಕ್ಕೆ ನೀರನ್ನು ಎತ್ತಿತು. 1926ರ ವೇಳೆಗೆ ನೀರು ಕೆಟ್ಟು ಆ ಬಳಕೆ ನಿಂತಿತು. ದೇಶವನ್ನು ಜೋಡಿಸಿದ ಮಾರ್ಗವೇ ಆ ನೆಲದ ಹಳೆಯ ನಿವಾಸಿಗಳ ಆಸರೆಯನ್ನು ಕಸಿಯಿತೆಂಬುದು ಈ ಚರಿತ್ರೆಯ ಮರೆಯಬಾರದ ಭಾಗ.

ಮಾರ್ಗದುದ್ದಕ್ಕೂ ರೈಲ್ವೆ ನೌಕರರ ಪುಟ್ಟ ವಸತಿಗಳಿದ್ದವು. ಅವರಿಗೆ ದಿನಸಿ, ಮಾಂಸ, ನೀರು ಮತ್ತು ಸಂಬಳವನ್ನು ‘ಟೀ ಅಂಡ್ ಶುಗರ್’ ಎಂಬ ರೈಲು 1996ರವರೆಗೆ ತಲುಪಿಸುತ್ತಿತ್ತು. 1951ರಿಂದ ಡೀಸೆಲ್ ಎಂಜಿನ್‌ಗಳು ಬಂದ ಮೇಲೆ ನೌಕರರ ಅಗತ್ಯ ಕ್ರಮೇಣ ತಗ್ಗಿತು. ಶಾಲೆ ಮತ್ತು ಆಸ್ಪತ್ರೆಗಳಿದ್ದ ಕುಕ್ ಎಂಬ ಊರು 1997ರಲ್ಲಿ ರೈಲು ಸೇವೆ ಖಾಸಗಿಯವರಿಗೆ ವಹಿಸಲ್ಪಟ್ಟ ಬಳಿಕ ಬಹುತೇಕ ಬರಿದಾಯಿತು.

ಸೇವೆಯ ಸ್ವರೂಪ

ಪ್ರಸ್ತುತ ಈ ರೈಲನ್ನು ಜರ್ನಿ ಬಿಯಾಂಡ್ ಸಂಸ್ಥೆ ನಡೆಸುತ್ತಿದೆ. ರೈಲಿನ ಲಾಂಛನ ಬೆಣೆಯಾಕಾರದ ಬಾಲವುಳ್ಳ ಹದ್ದು. ಸರ್ಕಾರದ ಧನಸಹಾಯ ನಿಂತ ಬಳಿಕ 2016ರಲ್ಲಿ ಕಡಿಮೆ ದರದ ಕುಳಿತು ಪ್ರಯಾಣಿಸುವ ಬೋಗಿಗಳನ್ನು ತೆಗೆದುಹಾಕಲಾಯಿತು. ಈಗ ಮಲಗುವ ಕೋಣೆ ಮತ್ತು ಊಟೋಪಚಾರಗಳನ್ನು ಒಳಗೊಂಡ ದುಬಾರಿ ಪ್ರವಾಸಿ ಸೇವೆ ಮಾತ್ರ ಉಳಿದಿದೆ. ದೇಶದ ಎರಡು ತುದಿಗಳನ್ನು ಜೋಡಿಸಲೆಂದು ಸಾರ್ವಜನಿಕ ಹಣದಿಂದ ನಿರ್ಮಾಣವಾದ ಈ ಮಾರ್ಗದಲ್ಲಿ ಇಂದು ಪ್ರಯಾಣಿಕರಿಗಿಂತ ಸರಕಿನ ಸಾಗಣೆಯೇ ಪ್ರಧಾನವಾಗಿದೆ.