ಪ್ಲೇಗು ಕಲಿಸಿದ ಶುಚಿತ್ವ

“ಇಲಿ ಬಿತ್ತು” ಎಂಬ ಎರಡು ಮಾತು ಕಿವಿಗೆ ಬಿದ್ದೊಡನೆಯೇ ಊರಿಗೆ ಊರೇ ಬರಿದಾಗುತ್ತಿದ್ದ ಕಾಲವೊಂದಿದ್ದಿತು. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಿತು. ಜನರು ಮನೆಗೆ ಬೀಗವಿಕ್ಕಿ ಊರ ಹೊರಗೆ ಗುಡಿಸಲು ಹಾಕಿಕೊಂಡರು.

ಮುಂಬಯಿಯ ಅಧಿಕಾರಿಗಳು ಕೈಕಟ್ಟಿ ಕುಳಿತಿರಲಿಲ್ಲ. ಗೋಡೆಗಳಿಗೆ ಸುಣ್ಣ ಬಳಿಸಿದರು. ಚರಂಡಿಗಳಿಗೆ ಕಾರ್ಬಾಲಿಕ್ ದ್ರಾವಣ ಸುರಿಸಿದರು. ಆದರೂ ರೋಗವು ಹಿಮ್ಮೆಟ್ಟಲಿಲ್ಲ. ಕಾರಣವೇನು? ರೋಗಾಣುವನ್ನು 1894ರಲ್ಲಿಯೇ ಯರ್ಸಿನ್ ಎಂಬ ವಿಜ್ಞಾನಿಯು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು; ಆದರೆ ಅದು ಮನುಷ್ಯನನ್ನು ಸೇರುವ ದಾರಿಯು ತಿಳಿದಿರಲಿಲ್ಲ. 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ನಡೆಸಿದ ಫ್ರೆಂಚ್ ವೈದ್ಯ ಸಿಮೋಂ, ಇಲಿಯ ಮೈಮೇಲಿನ ಚಿಗಟವೇ ಆ ದಾರಿಯೆಂದು ತೋರಿಸಿದನು. ಇಲಿ ಸತ್ತು ತಣ್ಣಗಾದೊಡನೆ ಚಿಗಟವು ಬಿಸಿರಕ್ತವನ್ನರಸಿ ಮನುಷ್ಯನನ್ನು ಕಚ್ಚುತ್ತದೆ. ಅನೇಕರು ಇದನ್ನು ಮೊದಲು ನಂಬಲಿಲ್ಲ. 1905ರಲ್ಲಿ ಭಾರತದಲ್ಲಿ ಆರಂಭವಾದ ಸಂಶೋಧನೆಗಳ ಬಳಿಕವೇ ಅದು ಸ್ಥಿರಪಟ್ಟಿತು.

ಇದರಿಂದ ಶುಚಿತ್ವದ ಅರ್ಥವೇ ಬದಲಾಯಿತು. ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಬಿಲವಿದ್ದರೆ, ಸಾರಿಸಿದ ನೆಲದ ಮೇಲೆ ಕಾಳು ಚೆಲ್ಲಿದ್ದರೆ, ಆ ಮನೆಯು ಇಲಿಗೆ ಛತ್ರವೇ ಸರಿ. ಧಾನ್ಯವನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿಡಬೇಕು. ಎಂಜಲು ಪಾತ್ರೆಗಳನ್ನು ರಾತ್ರಿಯೇ ತೊಳೆಯಬೇಕು. ಅಟ್ಟದ ಹಳೆಯ ಸಾಮಾನುಗಳನ್ನು ಸರಿಸಿ ಗುಡಿಸಬೇಕು. ಬಿಲಗಳನ್ನು ಗಾರೆಯಿಂದ ಮುಚ್ಚಬೇಕು. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟಲಾಗದು.

ವಿದ್ಯಾರ್ಥಿಗಳೇ, ಕಣ್ಣಿಗೆ ಕಾಣುವೆಡೆಯನ್ನು ಮಾತ್ರ ಗುಡಿಸಿದರೆ ಅಲಂಕಾರವಾದೀತು; ಮೂಲೆಮುಡುಕುಗಳನ್ನು ಗುಡಿಸಿದರೆ ರಕ್ಷಣೆಯಾಗುತ್ತದೆ. ಲಕ್ಷಾಂತರ ಜನರ ಪ್ರಾಣವನ್ನು ಬೆಲೆಯಾಗಿ ತೆತ್ತು ನಮ್ಮ ಹಿರಿಯರು ಕಲಿತ ಪಾಠವಿದು.