ಬಿಟಿಎಮ್ಮಿನ 'ಟಿ' ಮತ್ತು ನಮ್ಮ ಸಮಾಜ ಪಾಠ

ಹೈಸ್ಕೂಲಿನಲ್ಲಿ ನಮಗೆ ಸಮಾಜ ಪಾಠ ಅಂದರೆ ಊಟ ಆದ ಮೇಲಿನ ಪೀರಿಯಡ್ಡು. ಹೊಟ್ಟೆಯಲ್ಲಿ ಮೊಸರನ್ನ, ಕಣ್ಣಲ್ಲಿ ನಿದ್ದೆ, ಕಿವಿಯಲ್ಲಿ ಪ್ಲಾಸಿ ಕದನ. 1757, 1764, ಆಮೇಲೆ ನಾಲ್ಕು ಮೈಸೂರು ಯುದ್ಧಗಳು, 1857... ಮಗ್ಗಿ ಒಪ್ಪಿಸಿದ ಹಾಗೆ ಇಸವಿ ಒಪ್ಪಿಸುತ್ತಿದ್ದೆವು. ಪ್ರತಿ ಪಾಠದ ಕೊನೆಗೂ 'ಕಾರಣಗಳು ಮತ್ತು ಪರಿಣಾಮಗಳು'. ಕಾರಣ ಐದು, ಪರಿಣಾಮ ಐದು, ಒಂದು ಪಾಯಿಂಟಿಗೆ ಅರ್ಧ ಮಾರ್ಕು. ಎಸ್ಸೆಸ್ಸೆಲ್ಸಿಗೆ ನಕ್ಷೆ ಬಿಡಿಸಿ ಬಣ್ಣ ತುಂಬಿದರೆ ಆ ಮಾರ್ಕು ಗ್ಯಾರಂಟಿ. ನಮ್ಮ ವಯಸ್ಸಿನವರಿಗೆಲ್ಲ ಇದು ಗೊತ್ತಿರುವ ಕಥೆಯೇ ಬಿಡಿ.

ನಾನು ಓದಿದ್ದು ಜಯನಗರದ ಕಡೆಯ ಒಂದು ಶಾಲೆಯಲ್ಲಿ. ಮೂರು ವರ್ಷದಲ್ಲಿ ನಾವು ಪಾಣಿಪತ್ತಿಗೆ ಹೋದೆವು, ಫ್ರಾನ್ಸಿಗೆ ಹೋದೆವು, ಜಪಾನಿನವರೆಗೂ ಹೋಗಿ ಬಂದೆವು. ಬೇಗೂರಿಗೆ ಮಾತ್ರ ಹೋಗಲಿಲ್ಲ. ಬಸ್ಸಿನಲ್ಲಿ ಹೋಗಿ ಅದೇ ಸಂಜೆ ವಾಪಸ್ ಬರಬಹುದಾದ ದೂರ ಅದು.

ಇದು ಮೇಷ್ಟ್ರ ಮೇಲಿನ ದೂರಲ್ಲ. ಪೋರ್ಷನ್ ಮುಗಿಸಬೇಕು, ರಿಸಲ್ಟ್ ತರಬೇಕು, ಅವರಾದರೂ ಏನು ಮಾಡಿಯಾರು? ಆದರೆ ಈ ವಿಷಯ ಹುಟ್ಟಿದ ಕಥೆ ಓದಿದಾಗ ನನಗೆ ಸ್ವಲ್ಪ ನಗು ಬಂತು. ಚರಿತ್ರೆ, ಭೂಗೋಳ, ಪೌರನೀತಿ ಎಲ್ಲ ಸೇರಿಸಿ 'ಸೋಷಿಯಲ್ ಸ್ಟಡೀಸ್' ಅನ್ನುವ ಒಂದೇ ವಿಷಯ ಮಾಡಬೇಕು ಅನ್ನುವ ವಿಚಾರಕ್ಕೆ ಗಟ್ಟಿ ರೂಪ ಕೊಟ್ಟದ್ದು 1916ರಲ್ಲಿ ಅಮೆರಿಕದಲ್ಲಿ ಬಂದ ಒಂದು ಸಮಿತಿ ವರದಿ. ಹುಡುಗರು ಮೊದಲು ತಾವಿರುವ ಸಮುದಾಯವನ್ನು ಅರಿಯಬೇಕು, ನೀರು ಎಲ್ಲಿಂದ ಬರುತ್ತದೆ, ರಸ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವಂಥದ್ದರಿಂದ ಶುರುಮಾಡಬೇಕು ಅನ್ನುವುದು ಅದರ ದೊಡ್ಡ ಕಾಳಜಿಯಾಗಿತ್ತು. ನಮ್ಮ ದೇಶದಲ್ಲಿ 1952-53ರ ಮುದಲಿಯಾರ್ ಆಯೋಗ ಪ್ರೌಢಶಾಲೆಗಳಿಗೆ ಸಮಾಜ ಪಾಠವನ್ನು ಶಿಫಾರಸು ಮಾಡಿತು. ಅಂದರೆ ಮನೆ ಪಕ್ಕದ ಬೀದಿಯಿಂದ ಶುರುವಾಗಬೇಕಿದ್ದ ವಿಷಯ ನಮ್ಮ ಕೈಗೆ ಬರುವ ಹೊತ್ತಿಗೆ ಬೀದಿಯನ್ನೇ ಮರೆತಿತ್ತು!

ಈಗ ಬೇಗೂರಿಗೆ ಬರೋಣ.

ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂತ ಯಾರನ್ನೇ ಕೇಳಿ, ಬೆಂದಕಾಳಿನ ಕಥೆ ಹೇಳುತ್ತಾರೆ. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಒಬ್ಬ ಮುದುಕಿ ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು. ಒಳ್ಳೆಯ ಕಥೆ. ಸೊಗಡವರೆ ಕಾಲದಲ್ಲಂತೂ ನಂಬಬೇಕು ಅನ್ನಿಸುತ್ತದೆ. ಆದರೆ ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಬಳಿ ಒಂದು ವೀರಗಲ್ಲು ಇದೆ. ಕ್ರಿ.ಶ. 890ರ ಸುಮಾರಿನದು, ಗಂಗರ ಕಾಲದ್ದು, ಹಳೆಗನ್ನಡದ್ದು. ನಾಗತ್ತರ ಅನ್ನುವ ನಾಯಕನ ಕಡೆಯ ಬುಟ್ಟಣಶೆಟ್ಟಿ 'ಬೆಂಗಳೂರ ಕಾಳಗ'ದಲ್ಲಿ ಸತ್ತ ಅಂತ ಅದರಲ್ಲಿದೆ. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಕಥೆಯ ರಾಜ ಹುಟ್ಟುವ ಇನ್ನೂರು ವರ್ಷಕ್ಕೂ ಹೆಚ್ಚು ಮೊದಲೇ ಊರಿಗೆ ಹೆಸರಿತ್ತು. ಆ ಹೆಸರಿನ ಊರಿಗಾಗಿ ಜನ ಬಡಿದಾಡಿಯೂ ಆಗಿತ್ತು!

ಇಷ್ಟು ಹೇಳಿಕೊಟ್ಟಿದ್ದರೆ ಸಾಕಿತ್ತು ನೋಡಿ. ಒಂದು ಕಥೆ, ಒಂದು ಕಲ್ಲು. ಎರಡೂ ಬೇರೆ ಬೇರೆ ಹೇಳುತ್ತಿವೆ. ಯಾವುದನ್ನು ನಂಬಬೇಕು, ಯಾಕೆ? ಕಲ್ಲು ಊರಿನ ಹೆಸರಿನ ಅರ್ಥ ಹೇಳುವುದಿಲ್ಲ. ಆ ಹೆಸರು ಆಗಲೇ ಇತ್ತು ಅಂತ ಮಾತ್ರ ಹೇಳುತ್ತದೆ. ಒಂದು ಸಾಕ್ಷಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ಬಿಡಿಸಿ ನೋಡುವುದೇ ಚರಿತ್ರೆ ಅಲ್ಲವೇ? ನಮಗೆ ಸಿಕ್ಕಿದ್ದು ಬರೀ ಉತ್ತರಗಳು. 'ಇದು ನಮಗೆ ಹೇಗೆ ಗೊತ್ತು?' ಅನ್ನುವ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದದ್ದು ನನಗೆ ನೆನಪಿಲ್ಲ.

ಬೇಗೂರಿನದೇ ಇನ್ನೊಂದು ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲುಗಾರರು ತುಂಬಿದ ಇಡೀ ಯುದ್ಧವೇ ಅದರ ಮೇಲಿದೆ. ನಾಗತ್ತರ ತನ್ನ ಒಡೆಯ ಎರೆಯಪ್ಪನಿಗಾಗಿ ಆನೆಗಳ ಜೊತೆ ಹೋರಾಡಿ ಸತ್ತ, ಆಮೇಲೆ ಬೆಂಪೂರು ಹನ್ನೆರಡು, ಅಂದರೆ ಇವತ್ತಿನ ಬೇಗೂರು ಮತ್ತು ಸುತ್ತಲ ಹಳ್ಳಿಗಳು, ದತ್ತಿಯಾದವು ಅಂತ ಬರೆದಿದೆ. ನಾವು ಪಾಣಿಪತ್ತಿನ ಮೂರೂ ಯುದ್ಧಗಳ ಇಸವಿ ಕಲಿತೆವು. ಮ್ಯೂಸಿಯಮ್ಮಿನಲ್ಲಿ ಈ ಕಲ್ಲಿನ ಮುಂದೆ ಬಂದರೆ 'ಯಾವುದೋ ಹಳೇ ಕಲ್ಲು' ಅಂತ ಮುಂದೆ ಹೋಗುವವರೇ ಹೆಚ್ಚು.

ಇನ್ನು ಬಿಟಿಎಂ. ಸಿಗ್ನಲ್ಲಿನಲ್ಲಿ ನಿಂತು ನಿಂತು ಆ ಮೂರು ಅಕ್ಷರ ನಮಗೆಲ್ಲ ಬಾಯಿಪಾಠ. ಬೈರಸಂದ್ರ, ತಾವರೆಕೆರೆ, ಮಡಿವಾಳ ಅಂತ ಬಿಡಿಸಿ ಹೇಳುವವರು ಕಡಿಮೆಯಾಗುತ್ತಿದ್ದಾರೆ. ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಯ ಮೇಲೆ ತಮಿಳು ಶಾಸನಗಳಿವೆ. 1247ರ ಒಂದರಲ್ಲಿ ಬೇಗೂರಿನ, ಅದರ ಭಾಷೆಯಲ್ಲಿ ವೆಪ್ಪೂರಿನ, ಒಬ್ಬರು ಭೂಮಿ ದಾನ ಕೊಟ್ಟ ವಿಷಯವಿದೆ. ಅಲ್ಲಿಯದೇ ಇನ್ನೊಂದು ದಾನದ ಮಾತಿನಲ್ಲಿ 'ತಾಮರೈಕ್ಕರೈ' ಅಂತ ಬರುತ್ತದೆ. ತಾವರೆಕೆರೆ! ಬಿಟಿಎಮ್ಮಿನ 'ಟಿ' ನೂರಾರು ವರ್ಷದಿಂದ ಕಲ್ಲಿನ ಮೇಲೆ ಕೂತಿದೆ.

ತಮಿಳು ಶಾಸನ ಅಂದ ಕೂಡಲೇ ಕೆಲವರಿಗೆ ಇರುಸುಮುರುಸಾಗುತ್ತದೆ. ಯಾಕಾಗಬೇಕು? ಬೇಗೂರಿನ ಕಲ್ಲು ಹಳೆಗನ್ನಡದಲ್ಲಿದೆ, ಚೋಳರು ಈ ಸೀಮೆಯನ್ನು ಆಳಿದ ಮೇಲೆ ತಮಿಳು ಶಾಸನಗಳೂ ಬಂದವು, ಆಮೇಲೆ ಹೊಯ್ಸಳರು ಬಂದರು. ನಮ್ಮ ಹುಡುಗರು ಇದನ್ನು ಹದಿನಾಲ್ಕನೇ ವಯಸ್ಸಿಗೇ ಕಲಿತಿದ್ದರೆ ಮೂವತ್ತನೇ ವಯಸ್ಸಿನಲ್ಲಿ ಕಲ್ಲು ನೋಡಿ ಗಾಬರಿಯಾಗುತ್ತಿರಲಿಲ್ಲ. ಕಲ್ಲಿನ ಭಾಷೆ ಯಾವುದೇ ಇರಲಿ, ಕೆರೆ ನಮ್ಮದು, ಚರಿತ್ರೆ ನಮ್ಮದು.

ಭೂಗೋಳವೂ ಹಾಗೆಯೇ. ಗಂಗಾ ನದಿಯ ಉಪನದಿಗಳನ್ನು ಎಡದಂಡೆ ಬಲದಂಡೆ ಅಂತ ವಿಂಗಡಿಸಿ ಬರೆಯುತ್ತಿದ್ದೆವು. ನಮ್ಮ ಶಾಲೆಯ ಸುತ್ತ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬಸವನಗುಡಿಯಿಂದ ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ. ಬಿಟಿಎಂ ಕಡೆ ಇಳಿದ ನೀರು ಮಡಿವಾಳ ಕೆರೆ, ಅಗರ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಎರಡು ನದಿಗಳ ಜಲಾನಯನದ ನಡುವಿನ ದಿಣ್ಣೆಯ ಮೇಲೆ ನಮ್ಮ ಊರು ಕೂತಿದೆ. ಪ್ರತಿ ಮಳೆಗಾಲ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ನಾವು ಮಳೆಯನ್ನು ಬೈಯುತ್ತೇವೆ. ರಾಜಕಾಲುವೆ ಎಲ್ಲಿತ್ತು ಅಂತ ಕಲಿಸಿದ್ದರೆ ಬೈಗುಳದ ದಿಕ್ಕು ಬೇರೆಯಾಗುತ್ತಿತ್ತೇನೋ.

ಜಯನಗರದ ಅಶೋಕ ಪಿಲ್ಲರ್ ಎಲ್ಲರಿಗೂ ಗೊತ್ತು, ಬಸ್ ಸ್ಟಾಪಾಗಿ. ಜಯಚಾಮರಾಜ ಒಡೆಯರ ಹೆಸರಿನ ಈ ಬಡಾವಣೆ 1948ರಲ್ಲಿ ಶುರುವಾದ ನೆನಪಿಗೆ ನಿಂತ ಕಂಬ ಅದು. ಆಗಷ್ಟೇ ಸ್ವತಂತ್ರವಾದ ದೇಶ ತನ್ನ ಹೊಸ ಬಡಾವಣೆಗೆ ಗುರುತಾಗಿ ಆರಿಸಿಕೊಂಡದ್ದು ಅಶೋಕನ ಸಿಂಹಗಳನ್ನು. ಪಕ್ಕದಲ್ಲೇ ಸಿದ್ಧಾಪುರ. ತಮಾಷೆ ಅಂದರೆ ಅಶೋಕನ ನಿಜವಾದ ಶಾಸನ ಇರುವುದು ಇನ್ನೊಂದು ಸಿದ್ಧಾಪುರದಲ್ಲಿ, ಚಿತ್ರದುರ್ಗ ಜಿಲ್ಲೆಯಲ್ಲಿ. ಅದನ್ನೂ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಶಾಸನಗಳನ್ನೂ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ದೇವಾನಾಂಪ್ರಿಯ ಅಂದರೆ ಅಶೋಕನೇ ಅನ್ನುವುದು ಗಟ್ಟಿಯಾದದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿದ ಶಾಸನದಿಂದ. 'ಅಶೋಕನು ಮರಗಳನ್ನು ನೆಡಿಸಿದನು' ಅಂತ ಬರೆದವರು ನಾವು. ಅವನು ಯಾರು ಅಂತ ಖಾತ್ರಿಪಡಿಸಿದ ಬಂಡೆ ನಮ್ಮ ರಾಜ್ಯದಲ್ಲೇ ಇದೆ ಅಂತ ಹೇಳಿದ್ದರೆ ಆ ಮರಗಳು ಇನ್ನೂ ಸ್ವಲ್ಪ ಹತ್ತಿರ ಬರುತ್ತಿದ್ದವು.

ಇದೆಲ್ಲ ಬರೀ ಹಳೇ ಹಳಹಳಿ ಅನ್ನಬೇಡಿ. ಪಠ್ಯದಲ್ಲಿ ಇಲ್ಲದ್ದು ನೆಲದ ಮೇಲೂ ಉಳಿಯುವುದಿಲ್ಲ. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಪ್ರಕಟಿಸಿದ್ದು 1905ರಲ್ಲಿ. ಅದರಲ್ಲಿರುವ ಎಷ್ಟೋ ಕಲ್ಲುಗಳು ಈಗ ಅವರು ಕಂಡ ಜಾಗದಲ್ಲಿಲ್ಲ. ಕೆಲವು ಪಾಯದಡಿ ಸೇರಿದವು, ಕೆಲವು ಚಪ್ಪಡಿಯಾದವು. ಕೆಡವಿದವರೆಲ್ಲ ಕೆಟ್ಟವರಲ್ಲ. ಅವರೂ ನಮ್ಮ ಹಾಗೇ ಸಮಾಜ ಪಾಠ ಓದಿದವರು. ಗೀಚಿದ ಕಲ್ಲು ಅಂದರೆ ಅವರಿಗೆ ಕಲ್ಲು ಅಷ್ಟೇ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು, ಕ್ರಿ.ಶ. 750ರ ಸುಮಾರಿನದು. ಅದನ್ನು ಗುರುತಿಸಿ ಉಳಿಸಿದವರು ಇದ್ದರು, ಉಳಿಯಿತು. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದೆ. ದೊಡ್ಡ ಕೆಲಸ. ಆದರೆ ಕಲ್ಲಿಗೆ ಎಲ್ಲಕ್ಕಿಂತ ದೊಡ್ಡ ಕಾವಲು ಅದೇ ಬೀದಿಯಲ್ಲಿ ಆಡುವ ಹುಡುಗರು. 'ಅಂಕಲ್, ಅದು ಶಾಸನ, ಒಡೀಬೇಡಿ' ಅನ್ನುವ ಒಬ್ಬ ಎಂಟನೇ ಕ್ಲಾಸಿನ ಹುಡುಗಿ ಇದ್ದರೆ ಸಾಕು.

ಮುಂದೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಬೆಸೆಯಬೇಕು ಅಂದಿತು. ಒಳ್ಳೆಯದೇ. ಅದಕ್ಕೆ ಇಡೀ ಪುಸ್ತಕ ಬದಲಾಗಬೇಕಿಲ್ಲ. ಪಾಣಿಪತ್ತೂ ಇರಲಿ, ಪ್ಲಾಸಿಯೂ ಇರಲಿ. ಫ್ರಾನ್ಸಿನ ಕ್ರಾಂತಿ ಗೊತ್ತಿಲ್ಲದವನಿಗೆ ಬೇಗೂರು ಮಾತ್ರ ಗೊತ್ತಿದ್ದರೆ ಅದೂ ಕುರುಡೇ. ವರ್ಷಕ್ಕೆ ಒಂದು ಮಧ್ಯಾಹ್ನ ಸಾಕು, ಪುಸ್ತಕ ಮುಚ್ಚಿ ಊರಿನ ಒಂದು ಕಲ್ಲೋ ಕೆರೆಯೋ ನೋಡಿ ಬಂದು 'ಇದು ನಮಗೆ ಹೇಗೆ ಗೊತ್ತು?' ಅಂತ ಅರ್ಧ ಪುಟ ಬರೆಸಲಿ. ಮಾರ್ಕು ಕೊಡದಿದ್ದರೂ ಪರವಾಗಿಲ್ಲ.

ಅಲ್ಲಿಯವರೆಗೆ ಆ ಅರ್ಧ ಪುಟ ನಾವೇ ಬರೆಯಬಹುದು. ನಿಮ್ಮ ಬ್ಲಾಗಿನಲ್ಲಿ ನಿಮ್ಮ ಊರಿನ ಹೊಲದ ಬದುವಿನಲ್ಲೋ ಗುಡಿಯ ಹಿಂದೆಯೋ ಬಿದ್ದಿರುವ ಒಂದು ಕಲ್ಲಿನ ಬಗ್ಗೆ ಬರೆಯಿರಿ, ಒಂದು ಫೋಟೋ ಹಾಕಿ. ಓದಲು ಬಾರದಿದ್ದರೆ ಬಾರದು ಅಂತಲೇ ಬರೆಯಿರಿ, ಓದಬಲ್ಲವರು ಯಾರಾದರೂ ಸಿಗುತ್ತಾರೆ. ಪಠ್ಯಪುಸ್ತಕಕ್ಕೆ ಪುಟಗಳ ಲೆಕ್ಕ ಇದೆ. ನಮಗೇನಿದೆ?